ಎಣಿಕೆಗೆ ಸಿಗದ ಊರು

ಮನೆಗೆ ಯಾರಾದರೂ ಕಾಗದ, ಪೆನ್ನು ಹಿಡಿದು ಬಂದು ಎಷ್ಟು ಜನ ಇದ್ದೀರಿ ಎಂದು ಕೇಳಿದರೆ, ನನ್ನ ಬಾಯಿಂದ ಒಂದು ತಲೆ ಕಡಿಮೆಯೇ ಬರುತ್ತದೆ. ಬೇಕೆಂದು ಹೇಳುವ ಸುಳ್ಳಲ್ಲ ಅದು. ಸೀನು ಬಂದ ಹಾಗೆ ಬಂದುಬಿಡುತ್ತದೆ. ಹೋದ ತಿಂಗಳು ರೇಷನ್ ಕಾರ್ಡು ಹೊಸದು ಮಾಡುವವರು ಬಂದಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನಾವಿರುವುದು ಆರು ಜನ. ಐದು ಎಂದೆ. ಹೆಸರು ಹೇಳಿ ಎಂದಾಗಲೂ ಐದೇ ಹೇಳಿದೆ. ಸಂಜೆ ನೋಡಿದರೆ ಬಿಟ್ಟುಹೋದ ಹೆಸರು ಸೊಸೆಯದು. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಬೇಕಂತಲೇ ಬಿಟ್ಟೆ ಎಂದು ಅವಳ ಅನುಮಾನ. ಅತ್ತೆ ಸೊಸೆಯರ ನಡುವೆ ಇಷ್ಟು ಅನುಮಾನ ಇರಬೇಕಾದದ್ದೇ. ಆದರೆ ಈ ಸಲ ಮಾತ್ರ ನಾನು ನಿಜಕ್ಕೂ ನಿರಪರಾಧಿ.

ಅಮ್ಮನಿಗೆ ವಯಸ್ಸಾಯಿತು, ಮರೆವು ಎಂದು ಮಗ ಅವಳಿಗೆ ಸಮಾಧಾನ ಹೇಳಿದ. ಮರೆವೂ ಅಲ್ಲ, ಮಣ್ಣೂ ಅಲ್ಲ. ಇದು ಅಭ್ಯಾಸ. ಇದನ್ನು ನನಗೆ ಕಲಿಸಿದ್ದು ನಾನು ಸೊಸೆಯಾಗಿ ಹೋದ ಊರು. ಆ ಊರನ್ನು ಇಲ್ಲಿ ಕೋಡಿಪುರ ಎಂದು ಕರೆಯುತ್ತೇನೆ. ಅದರ ನಿಜವಾದ ಹೆಸರು ಬೇರೆ. ಹೆಸರು ಯಾಕೆ ಮುಚ್ಚಿಡುತ್ತೀರಿ ಎಂದು ನೀವು ಕೇಳಬಹುದು. ಹಾಗೆ ಕೇಳುವವರನ್ನು ಕಂಡರೂ ನನಗೆ ಅನುಮಾನವೇ.

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ. ನಮ್ಮಪ್ಪ ಅಲ್ಲಿ ಅಂಚೆ ಹಂಚುತ್ತಿದ್ದರು. ಬೆಳಗಾದರೆ ಬೀದಿಯ ಎರಡು ಕಡೆಯೂ ಮಗ್ಗದ ಸದ್ದು, ಬಾಗಿಲಲ್ಲಿ ಬಣ್ಣ ಹಾಕಿದ ನೂಲಿನ ವಾಸನೆ. ನಾನು ಮಿಡ್ಲ್ ಸ್ಕೂಲು ಮುಗಿಸಿ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದವಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ, ದೊಡ್ಡ ಉಪಯೋಗದ ಮಾತೂ ಅಲ್ಲ. ನನಗೆ ತುಂಬ ಹಿಡಿಸಿದ ವಿಷಯ ಭೂಗೋಳ. ತಾಲ್ಲೂಕಿನ ಎಲ್ಲೆಗಳನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಮೇಷ್ಟರು ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಒಂದು ಕಪ್ಪು ಚುಕ್ಕೆಯನ್ನು ಬೆತ್ತದಿಂದ ತೋರಿಸಿ, ಇದೇ ನಮ್ಮ ದೊಡ್ಡಬಳ್ಳಾಪುರ ಎನ್ನುತ್ತಿದ್ದರು. ಒಂದು ವರ್ಷ ಆ ಚುಕ್ಕೆಗೆ ನಾವೆಲ್ಲ ಭಕ್ತಿಯಿಂದ ಕೈಮುಗಿಯುವುದೊಂದೇ ಬಾಕಿ. ಆಯುಧಪೂಜೆಗೆಂದು ಭೂಪಟ ಒರೆಸಿದಾಗ ಚುಕ್ಕೆ ಹೊರಟುಹೋಯಿತು. ಅದು ನೊಣ ಮಾಡಿದ ಊರು. ಸರ್ಕಾರದ ಕಾಗದದ ಮೇಲೆ ಇರುವುದೆಲ್ಲ ಇರುವುದಲ್ಲ ಎಂಬ ಬುದ್ಧಿ ನನಗೆ ಬಂದದ್ದು ಅವತ್ತು. ಬರಬಾರದಾಗಿತ್ತು.

ಹದಿನಾರಕ್ಕೆ ಮದುವೆಯಾಯಿತು. ಮಹಾಯುದ್ಧ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆಗೆ ಕಷ್ಟ. ಓದಿದ ಹುಡುಗಿ ಎಂದು ನಮ್ಮತ್ತೆ ನಂಜಮ್ಮನವರು ಮೊದಲು ಒಪ್ಪಿರಲಿಲ್ಲವಂತೆ. ಓದಿದ ಹುಡುಗಿ ತವರಿಗೆ ಕಾಗದ ಬರೆಯುತ್ತಾಳೆ, ಅದರಲ್ಲಿ ಏನು ಬರೆದಿದ್ದಾಳೆಂದು ನಮಗೆ ತಿಳಿಯುವುದಿಲ್ಲ, ಸಾಲದ್ದಕ್ಕೆ ಅಪ್ಪನೇ ಅಂಚೆಯವನು. ಅವರ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಪೆನ್ಸಿಲು ಮುಟ್ಟಿದರೆ ಸಾಕು, ಅವರು ಮೊರ ಹಿಡಿದುಕೊಂಡು ನನ್ನ ಎದುರಿಗೇ ಬಂದು ಕೂತು ರಾಗಿ ಕೇರತೊಡಗುತ್ತಿದ್ದರು.

ಈಗ ಊರಿನ ಭೂಗೋಳ. ಮಾಕಳಿದುರ್ಗದ ಬೆಟ್ಟಸಾಲಿನ ದಕ್ಷಿಣಕ್ಕೆ, ಘಾಟಿ ಹತ್ತುವ ರೈಲಿನ ಏದುಸಿರು ಕೇಳಿಸುವಷ್ಟು ದೂರದಲ್ಲಿ ಕೋಡಿಪುರ. ಕೆಂಪು ನೆಲ, ರಾಗಿ, ಅವರೆ, ಹುರುಳಿ. ಪಡುವಲಿಗೆ ಕೆರೆ. ಕೆರೆ ತುಂಬಿದರೆ ಕೋಡಿ ಹರಿದು ಒಂದು ಹಳ್ಳವಾಗುತ್ತದೆ. ಹಳ್ಳದ ಈಚೆ ನಾವು, ಆಚೆಯ ಕಲ್ಲುದಿಣ್ಣೆಯ ಮೇಲೆ ಗುಟ್ಟೆಪಾಳ್ಯ. ಇದೂ ನಾನಿಟ್ಟ ಹೆಸರೇ. ಎರಡೂರಿಗೂ ಕೆರೆ ಒಂದೇ, ತೂಬು ಒಂದೇ, ನೀರು ಬಿಡುವ ನೀರುಗಂಟಿಯೂ ಒಬ್ಬನೇ. ಅವನು ಪಾಳ್ಯದ ಕಡೆಗೆ ಹೆಚ್ಚು ಬಿಡುತ್ತಾನೆಂದು ನಾವು ಒಬ್ಬನನ್ನು ಕಾವಲಿಗೆ ಕೂರಿಸಿದ್ದೆವು. ನಮ್ಮ ಕಡೆಗೆ ಹೆಚ್ಚು ಬಿಡುತ್ತಾನೆಂದು ಅವರೂ ಒಬ್ಬನನ್ನು ಕೂರಿಸಿದ್ದರು. ಈ ಇಬ್ಬರು ಕಾವಲುಗಾರರೂ ಒಳಗೊಳಗೇ ಒಂದಾಗಿರಬಹುದೆಂದು ಎರಡೂರಿನವರೂ ಆಗಾಗ ಹೋಗಿ ನೋಡಿಬರುತ್ತಿದ್ದರು. ಅಷ್ಟು ಜನ ಏರಿಯ ಮೇಲೆ ಓಡಾಡಿದ್ದರಿಂದಲೇ ನಮ್ಮ ಕೆರೆಯ ಏರಿ ಗಟ್ಟಿಯಾಗಿ ಉಳಿಯಿತು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅವರು ಇಡೀ ದಿನಕ್ಕೆ ಆಡುತ್ತಿದ್ದದ್ದು ನಾಲ್ಕು ಮಾತು, ಅದರಲ್ಲಿ ಇಂಥದ್ದು ಒಂದಾದರೂ ಇರುತ್ತಿತ್ತು.

ಚರಿತ್ರೆಯೂ ಹೆಚ್ಚುಕಡಿಮೆ ಇದೇ. ಯಾವುದೋ ಕಾಲದಲ್ಲಿ ಒಬ್ಬ ಪಾಳೇಗಾರ ನಮ್ಮೂರಲ್ಲಿ ಮಣ್ಣಿನ ಕೋಟೆ ಕಟ್ಟಿದ್ದನಂತೆ. ನಾನು ಹೋಗುವ ಹೊತ್ತಿಗೆ ಉಳಿದಿದ್ದದ್ದು ಎತ್ತರದ ಒಂದು ದಿಬ್ಬ, ಕತ್ತಾಳೆ ಬೆಳೆದ ಕಂದಕ. ಶತ್ರು ಬಂದಾಗ ಯಾರೋ ದಿಡ್ಡಿ ಬಾಗಿಲು ತೆಗೆದುಕೊಟ್ಟರು, ಕೋಟೆ ಹೋಯಿತು. ಶತ್ರು ಯಾರು, ಪಾಳೇಗಾರನ ಹೆಸರೇನು ಎಂದು ಎರಡೂರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬಾಗಿಲು ತೆಗೆದವರು ಯಾರೆಂಬುದು ಮಾತ್ರ ಎಲ್ಲರಿಗೂ ಗೊತ್ತು. ನಮ್ಮನ್ನು ಕೇಳಿದರೆ ಪಾಳ್ಯದವರು, ಅವರನ್ನು ಕೇಳಿದರೆ ನಾವು.

ಇನ್ನು ಆಡಳಿತ. ನಮ್ಮ ಪಟೇಲರು ಮುನಿಶಾಮಪ್ಪನವರು, ಯಜಮಾನರಿಗೆ ದೊಡ್ಡಪ್ಪನಾಗಬೇಕು. ಎತ್ತರದ ಆಳು, ತಲೆಗೆ ಸದಾ ಪೇಟ, ಸಹಿಯನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದರು. ಓದಲು ಬರುತ್ತಿದ್ದದ್ದು ಶಾನುಭೋಗರಿಗೆ. ಶಾನುಭೋಗರ ಮನೆ ಇದ್ದದ್ದು ಗುಟ್ಟೆಪಾಳ್ಯದಲ್ಲಿ. ಅಲ್ಲಿಗೆ ಮುಗಿಯಿತಲ್ಲ. ಅವರು ಓದಿ ಹೇಳಿದ ಯಾವ ಕಾಗದವನ್ನೂ ಕೋಡಿಪುರ ನಂಬುತ್ತಿರಲಿಲ್ಲ. ಹಾಗಾಗಿ ನಾನು ಸೊಸೆಯಾಗಿ ಬಂದು ಆರು ತಿಂಗಳು ಕಳೆಯುವುದರೊಳಗೆ, ಶಾನುಭೋಗರು ಓದಿದ ಕಾಗದವೆಲ್ಲ ಗುಟ್ಟಾಗಿ ನಮ್ಮ ಮನೆಯ ಬಾಗಿಲ ಸಂದಿಗೆ ಬರತೊಡಗಿತು. ನಾನು ಒಳಗೆ ನಿಂತು ಓದುವುದು, ಅತ್ತೆ ಅದನ್ನು ಹೊರಗೆ ಜಗಲಿಯ ಮೇಲೆ ಕೂತ ಪಟೇಲರಿಗೆ ಹೇಳುವುದು. ಶಾನುಭೋಗರು ಹೇಳಿದ್ದೂ ನಾನು ಓದಿದ್ದೂ ಯಾವಾಗಲೂ ಒಂದೇ ಇರುತ್ತಿತ್ತು. ಅದರಿಂದ ಊರಿನವರಿಗೆ ನನ್ನ ಮೇಲೂ ಸಣ್ಣದೊಂದು ಅನುಮಾನ ಹುಟ್ಟಿತು.

ಆ ಮನೆಯಲ್ಲಿ ನನ್ನನ್ನು ಅನುಮಾನಿಸದೆ ಇದ್ದವಳು ಒಬ್ಬಳೇ. ನನ್ನ ನಾದಿನಿ ಗೌರಿ. ಆಗ ಅವಳಿಗೆ ಎಂಟು ವರ್ಷ. ಯಜಮಾನರು ಹುಟ್ಟಿದ ಮೇಲೆ ನಾಲ್ಕು ಮಕ್ಕಳು ತೀರಿಹೋಗಿ, ಆಮೇಲೆ ಹುಟ್ಟಿದವಳು, ಅತ್ತೆಗೆ ಜೀವ. ನನ್ನ ಟ್ರಂಕಿನ ತಳದಲ್ಲಿದ್ದ ಭೂಗೋಳದ ಪುಸ್ತಕವನ್ನು ಅವಳು ದಿನಕ್ಕೊಮ್ಮೆಯಾದರೂ ತೆಗೆಸಿ, ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ನಮ್ಮೂರಲ್ಲಿ ಶಾಲೆ ಇರಲಿಲ್ಲ. ಗಂಡುಹುಡುಗರಲ್ಲಿ ಮೂರು ನಾಲ್ಕು ಜನ ಅಕ್ಷರ ಕಲಿಯಲು ಪಾಳ್ಯದ ಜಗಲಿ ಮಠಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಹಳ್ಳ ದಾಟಿಸಿ ಪಾಳ್ಯಕ್ಕೆ ಕಳಿಸುವ ಮಾತನ್ನು ಯಾರೂ ಆಡುವಂತೆಯೇ ಇರಲಿಲ್ಲ. ನಮ್ಮೂರಲ್ಲೇ ಹೆಣ್ಣುಮಕ್ಕಳಿಗೊಂದು ಶಾಲೆ ಆಗಬೇಕು, ನಾನೇ ಅಲ್ಲಿ ಪಾಠ ಹೇಳಬೇಕು, ಮೊದಲ ಸಾಲಿನಲ್ಲಿ ಗೌರಿ ಕೂರಬೇಕು ಎಂದು ನನಗೊಂದು ಆಸೆಯಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ. ಗೌರಿಗೆ ಮಾತ್ರ ಹೇಳಿದ್ದೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಸೈಕಲ್ಲಿನಲ್ಲಿ ಬಂದ. ಸಣ್ಣ ವಯಸ್ಸು, ಮುಖದ ತುಂಬ ಬೆವರು, ಒಳ್ಳೆಯ ಮಾತು. ನಾಡಿದ್ದು ಮನೆಮನೆಗೂ ಬಂದು ತಲೆ ಎಣಿಸುತ್ತೇನೆ, ಎಲ್ಲರೂ ಮನೆಯಲ್ಲಿರಿ ಎಂದು ಪಟೇಲರಿಗೆ ತಿಳಿಸಿದ. ಬರೆಯುವ ನಮೂನೆಯದೊಂದು ಹಾಳೆಯನ್ನೂ ಕೊಟ್ಟ. ಪಟೇಲರು ಯಾಕೆ ಎಂದು ಕೇಳಲಿಲ್ಲ. ಅವನೇ ಹೇಳಿದ. ಎರಡೂರಿಗೂ ಸೇರಿ ಒಂದು ಪಂಚಾಯ್ತಿ ಆಗುತ್ತದೆ, ಯಾವ ಊರಲ್ಲಿ ಜನ ಹೆಚ್ಚೋ ಅಲ್ಲಿ ಪಂಚಾಯ್ತಿಯ ಚಾವಡಿ ಕಟ್ಟುತ್ತಾರೆ, ಮುಂದೆ ಶಾಲೆ, ಆಸ್ಪತ್ರೆ ಏನೇ ಬಂದರೂ ಈ ಪಟ್ಟಿ ನೋಡಿಯೇ ಬರುತ್ತದೆ, ನಿಮ್ಮೂರೇ ದೊಡ್ಡದಾಗಿ ಕಾಣುತ್ತದೆ ಎಂದೂ ಹೇಳಿ, ಮಜ್ಜಿಗೆ ಕುಡಿದು ಹೋದ.

ಹುಡುಗ ಹೇಳಿದ್ದೆಲ್ಲ ಅಕ್ಷರಶಃ ನಿಜ. ಅದೇ ತೊಂದರೆಯಾದದ್ದು.

"ನಾವೇನು ಕೇಳಿದ್ವಾ ಅವನ್ನ?" ಎಂದರು ಪಟೇಲರು, ನಮ್ಮ ಜಗಲಿಯ ಮೇಲೆ ಕೂತು. "ಕೇಳ್ದೆ ಇದ್ರೂ ಅಷ್ಟೆಲ್ಲ ಯಾಕೇಳ್ದ? ಮಜ್ಜಿಗೆ ಕೊಡೋಕೆ ಮುಂಚೇನೇ ಹೇಳ್ದ."

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಮ್ಮ ಕಡೆ ಎಣಿಸುವುದೆಂದರೆ ಮೊದಲಿಂದಲೂ ಅಂಜಿಕೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಕ್ಕಳನ್ನಂತೂ ಎಣಿಸಲೇಬಾರದು. ಎಷ್ಟು ಮಕ್ಕಳಮ್ಮ ಎಂದು ನೆಂಟರು ಕೇಳಿದರೆ, ದೇವರು ಕೊಟ್ಟಷ್ಟು ಅವೆ ಎಂದು ಹೇಳಿ ಮಾತು ಬದಲಿಸಬೇಕು. ಬಿಡದೆ ಕೇಳಿದರೆ ಒಂದು ಕಡಿಮೆ ಹೇಳಬೇಕು. ನಾಲ್ಕು ಮಕ್ಕಳನ್ನು ಕಳೆದುಕೊಂಡ ನಮ್ಮತ್ತೆಯ ಮುಂದೆ ಯಾರಾದರೂ ಗೌರಿಯನ್ನು ಬೆರಳು ಮಾಡಿ ತೋರಿಸಿದರೂ ಸಾಕು, ಅವಳನ್ನು ಸೆರಗಿನ ಹಿಂದೆ ಎಳೆದುಕೊಳ್ಳುತ್ತಿದ್ದರು. ಇದು ನಗುವ ವಿಷಯವಲ್ಲ, ನಾನೂ ತಾಯಿಯಾದ ಮೇಲೆ ಗೊತ್ತಾಯಿತು.

ಆದರೆ ಅವತ್ತು ಊರು ಹೆದರಿದ್ದು ದೃಷ್ಟಿಗಲ್ಲ, ಯುದ್ಧಕ್ಕೆ. ಬೆಂಗಳೂರಿನ ದಂಡಿನಲ್ಲಿ ಸಿಪಾಯಿಗಳು ತುಂಬಿಹೋಗಿದ್ದಾರೆ, ಸಾಲದೆ ಹಳ್ಳಿಗಳಿಂದ ಗಂಡಸರನ್ನು ಹಿಡಿದು ಹಡಗು ಹತ್ತಿಸುತ್ತಾರೆ ಎಂದು ಸಂತೆಗೆ ಹೋಗಿಬಂದವರೆಲ್ಲ ಹೇಳುತ್ತಿದ್ದರು. ಹಿಡಿಸಿಕೊಂಡವನನ್ನು ಕಣ್ಣಾರೆ ನೋಡಿದವರು ಯಾರೂ ಇರಲಿಲ್ಲ. ಆದರೂ ಪಟೇಲರು ನಮೂನೆಯ ಹಾಳೆಯನ್ನು ಬಾಗಿಲ ಸಂದಿಗೆ ನೀಡಿ, ಇದರಲ್ಲಿ ಪಂಚಾಯ್ತಿ ಅಂತ ಎಲ್ಲಾದರೂ ಇದೆಯಾ ನೋಡಮ್ಮ ಎಂದರು.

ನೋಡಿದೆ. ಪಂಚಾಯ್ತಿ ಎಂಬ ಪದ ಎಲ್ಲಿಯೂ ಇರಲಿಲ್ಲ. ಹೆಸರು, ಗಂಡೋ ಹೆಣ್ಣೋ, ವಯಸ್ಸು, ಕಸುಬು. ಕೊನೆಯಲ್ಲಿ ಒಂದು ಕಲಮು: ಕುರುಡು, ಕಿವುಡು, ಕುಂಟು ಇದ್ದರೆ ಬರೆಯುವುದು. ನೊಣದ ಚುಕ್ಕೆ ನೋಡಿ ಬುದ್ಧಿ ಕಲಿತವಳಲ್ಲವೆ ನಾನು? ಕಿವಿ ನೆಟ್ಟಗಾಯಿತು. ಮೊದಲ ಸಲ ಅತ್ತೆಯ ಬಾಯಿಗೂ ಕಾಯದೆ ಬಾಗಿಲ ಹಿಂದಿನಿಂದ ನಾನೇ ಮಾತಾಡಿಬಿಟ್ಟೆ. "ಪಂಚಾಯ್ತಿ ಕಟ್ಟೆ ಮೇಲೆ ಕೂರೋಕೆ ಕಣ್ಣು ಕಾಲು ನೆಟ್ಟಗಿರಬೇಕಾ? ವಯಸ್ಸು ಯಾಕೆ ಬೇಕು ಅವರಿಗೆ?"

ಪಟೇಲರು ನಿಧಾನವಾಗಿ, "ಓದಿದ ಹೆಣ್ಣು ಅಂದ್ರೆ ಇದು ಕಣಪ್ಪ" ಎಂದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಹೊಗಳಿಕೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅದರ ಅಮಲಿನಲ್ಲಿ ಇನ್ನೂ ಒಂದು ಬುದ್ಧಿ ಹೇಳಿದೆ. ಗಂಡಸರನ್ನೆಲ್ಲ ಬೆಟ್ಟಕ್ಕೆ ಕಳಿಸುವುದೆಂದು ಅವರು ಆಗಲೇ ತೀರ್ಮಾನ ಮಾಡಿದ್ದರು. ಬರೀ ಗಂಡಸರೇ ಕಡಿಮೆಯಾದರೆ ಗುಮಾಸ್ತನಿಗೆ ಅನುಮಾನ ಬರುತ್ತದೆ, ಹೆಣ್ಣಿನ ಲೆಕ್ಕವೂ ಅದಕ್ಕೆ ತಕ್ಕ ಹಾಗೆ ಇಳಿಯಬೇಕು ಎಂದೆ. ದೊಡ್ಡ ಹೆಂಗಸರು ಬಾಗಿಲಿಗೆ ಬಂದು ಉತ್ತರ ಹೇಳಲು ಬೇಕು. ಕೈಕೂಸುಗಳು ಅಳುತ್ತವೆ, ಬಚ್ಚಿಡಲು ಆಗುವುದಿಲ್ಲ. ಉಳಿದವರು ಆರರಿಂದ ಹನ್ನೆರಡರ ಹುಡುಗಿಯರು. ನಡೆಯಬಲ್ಲರು, ಹೇಳಿದ ಮಾತು ಕೇಳುತ್ತಾರೆ. ಅತ್ತೆಗಂತೂ ಗೌರಿಯನ್ನು ಎಣಿಸುವುದು ತಪ್ಪಿದರೆ ಸಾಕಾಗಿತ್ತು. ಎಲ್ಲರೂ ಒಪ್ಪಿದರು.

ಎಣಿಕೆಯ ದಿನ ಬೆಳಗಾಗುತ್ತಲೇ ಗಂಡಸರು ಕೊಡಲಿ, ಹಗ್ಗ ತೆಗೆದುಕೊಂಡು ಸೌದೆಗೆ ಹೋಗುವವರಂತೆ ಬೆಟ್ಟದ ಕಡೆ ನಡೆದರು. ಅಷ್ಟೊಂದು ಜನ ಒಟ್ಟಿಗೆ ಸೌದೆಗೆ ಹೋದದ್ದನ್ನು ಮಾಕಳಿದುರ್ಗ ಅದೇ ಮೊದಲು ನೋಡಿರಬೇಕು. ನಾನು ಒಂಬತ್ತು ಹುಡುಗಿಯರನ್ನು ಕರೆದುಕೊಂಡು, ರೊಟ್ಟಿ ಕಟ್ಟಿಕೊಂಡು, ಕೆರೆಯ ಹಿಂದಿನ ಹೊಂಗೆ ತೋಪಿಗೆ ಹೋದೆ. ಮಧ್ಯಾಹ್ನದವರೆಗೂ ಸದ್ದು ಮಾಡದಂತೆ ಒಂಬತ್ತು ಹುಡುಗಿಯರನ್ನು ಕೂರಿಸುವುದು ಹೇಗೆ? ಒಂದು ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಊರನ್ನು ಬರೆದೆ. ಇದು ಕೆರೆ, ಇದು ಏರಿ, ಇದು ಕೋಡಿ. ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಪಾಳ್ಯಕ್ಕೆ ಎಂದು ಎಲ್ಲರೂ ಸಿಟ್ಟಿನಿಂದ ಹೇಳಿದರು. ಪಾಳ್ಯಕ್ಕಲ್ಲ, ಪಾಳ್ಯವನ್ನು ದಾಟಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ, ಅಲ್ಲಿಂದ ಸಮುದ್ರಕ್ಕೆ ಎಂದು ಮರಳಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಗೌರಿ ಆ ಗೆರೆಯ ಜೊತೆಗೇ ತೆವಳಿಕೊಂಡು ಬಂದಳು. ನಮ್ಮ ಕೆರೆ ಸಮುದ್ರಕ್ಕೆ ಹೋಗುತ್ತದೆಂದು ಅವಳಿಗೆ ಎಷ್ಟು ಹೇಳಿದರೂ ನಂಬಿಕೆಯಿಲ್ಲ, ಮೊದಲಿಂದ ಇನ್ನೊಂದು ಸಲ ಬರೆಯಿಸಿದಳು. ಆಮೇಲೆ ತನ್ನ ಹೆಸರು ಬರೆಯುವುದನ್ನು ಕಲಿತಳು. ನಾನು ನಿಜವಾಗಿ ಪಾಠ ಹೇಳಿದ್ದು ಜೀವಮಾನದಲ್ಲಿ ಆ ಒಂದು ದಿನ. ಅವತ್ತು ನನಗೆ ಬಹಳ ಸಂತೋಷವಾಗಿತ್ತು.

ಅತ್ತ ಊರಲ್ಲಿ ಗುಮಾಸ್ತ ಮನೆಮನೆಗೂ ಹೋಗಿ ಕೇಳಿದ್ದನ್ನೇ ಬರೆದುಕೊಂಡು ಹೋದ. ನಮ್ಮ ಮನೆಯಲ್ಲಿ ಅತ್ತೆ, "ನಾನು, ನನ್ನ ಸೊಸೆ ಇಬ್ಬರೇ" ಎಂದರಂತೆ. ಮಗನಿಲ್ಲದ ಮನೆಗೆ ಸೊಸೆ ಎಲ್ಲಿಂದ ಬಂದಳು ಎಂದು ಅವನು ಕೇಳಲಿಲ್ಲ. ಸರ್ಕಾರಕ್ಕೆ ನಮ್ಮ ಮೇಲೆ ಎಷ್ಟು ನಂಬಿಕೆ ನೋಡಿ. ಸಂಜೆ ಗಂಡಸರು ಸೌದೆ ಹೊರೆಯೊಂದಿಗೆ ಇಳಿದುಬಂದು, ಒಬ್ಬನನ್ನೂ ಹಡಗು ಹತ್ತಿಸಲು ಬಿಡಲಿಲ್ಲವೆಂದು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು.

ಗುಟ್ಟೆಪಾಳ್ಯದವರಿಗೂ ಆ ಹುಡುಗ ಇದೇ ಮಾತು ಹೇಳಿದ್ದ. ಅವರು ಅವನನ್ನು ನಂಬಿದರೋ, ಅಥವಾ ಕೋಡಿಪುರದವರು ಏನೋ ಮಸಲತ್ತು ಮಾಡುತ್ತಿದ್ದಾರೆಂದು ಅನುಮಾನಿಸಿ ಅದಕ್ಕೆ ಪ್ರತಿತಂತ್ರ ಹೂಡಿದರೋ ಗೊತ್ತಿಲ್ಲ. ಅವರು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಬರೆಸಿದರು, ಅಳಿಯಂದಿರನ್ನು ಬರೆಸಿದರು, ಎಂಟು ತಿಂಗಳ ಬಸುರಿಯ ಹೊಟ್ಟೆಯಲ್ಲಿದ್ದ ಕೂಸಿಗೂ ಹೆಸರಿಟ್ಟು ಬರೆಸಿದರು ಎಂದು ಆಮೇಲೆ ಕೇಳಿದೆವು. ಇದು ನಮ್ಮೂರಿನವರು ಹೇಳಿದ್ದು, ಆದ್ದರಿಂದ ನೀವೂ ಅರ್ಧ ಮಾತ್ರ ನಂಬಿ. ಮಳೆಗಾಲ ಮುಗಿಯುವ ಹೊತ್ತಿಗೆ ತಮಟೆ ಹೊಡೆದು ಸಾರಿದರು. ಪಂಚಾಯ್ತಿ ಗುಟ್ಟೆಪಾಳ್ಯಕ್ಕೆ. ಕೋಟೆ, ಕೆರೆ, ಸಂತೆಮಾಳ ಎಲ್ಲ ಇದ್ದ ಕೋಡಿಪುರ ಕಾಗದದ ಮೇಲೆ ಅದರ ಪಕ್ಕದ ಒಂದು ಕೇರಿಯಂತಾಯಿತು. ಶಾನುಭೋಗರ ಕೈವಾಡ ಎಂದು ಊರೆಲ್ಲ ಒಂದೇ ಸಮ ಹೇಳಿತು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆ ಸಲ ಮಾತಾಡಲಿಲ್ಲ.

ಚಾವಡಿ ಹೋದದ್ದಕ್ಕೆ ನನಗೇನೂ ಅಂಥ ದುಃಖವಾಗಲಿಲ್ಲ. ಪಟೇಲರಿಗೆ ಆಯಿತು. ಅವರು ಚಾವಡಿಯ ದಾರಿ ತಪ್ಪಿಸಿ, ಸುತ್ತು ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ನನ್ನ ಸರದಿ ಬಂದದ್ದು ಎರಡು ವರ್ಷದ ಮೇಲೆ.

ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು ಆ ಕಡೆ ಕ್ಯಾಂಪು ಬಂದು ಪಾಳ್ಯದ ಚಾವಡಿಯಲ್ಲಿ ಇಳಿದಿದ್ದರು. ಹೋಬಳಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆಯುವುದಿದೆ, ಊರು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ ಎಂದು ಸುದ್ದಿ ಬಂತು. ಆವತ್ತಿನ ಮಟ್ಟಿಗೆ ಪಟೇಲರು ಪೇಟ ಸುತ್ತಿಕೊಂಡು ತಾವೇ ಚಾವಡಿಯ ಮೆಟ್ಟಿಲು ಹತ್ತಿದರು. ನಮ್ಮೂರಿಗೆ ಕೊಡಿ ಸ್ವಾಮಿ, ಪಾಠ ಹೇಳಲು ನಮ್ಮ ಮನೆ ಸೊಸೆಯೇ ಇದ್ದಾಳೆ ಎಂದರಂತೆ. ನನ್ನ ಆಸೆಯನ್ನು ಅವರಿಗೆ ಹೇಳಿದವರು ಯಾರೆಂದು ಅನುಮಾನಪಡುವ ಅಗತ್ಯವಿರಲಿಲ್ಲ. ಗೌರಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಇನ್‌ಸ್ಪೆಕ್ಟರು ಪಟ್ಟಿಯ ಪುಸ್ತಕ ತರಿಸಿ, ಕೋಡಿಪುರದ ಹಾಳೆ ತೆಗೆದು, ಕನ್ನಡಕ ಸರಿಮಾಡಿಕೊಂಡು ನೋಡಿ, ನಿಮ್ಮೂರಲ್ಲಿ ಶಾಲೆಗೆ ಬರುವ ವಯಸ್ಸಿನ ಹೆಣ್ಣುಮಕ್ಕಳೇ ಇಲ್ಲವಲ್ಲ ಪಟೇಲರೇ ಎಂದರು. ಇದ್ದಾರೆ ಸ್ವಾಮಿ ಎಂದರು ಇವರು. ಇದ್ದರೆ ಮಧ್ಯಾಹ್ನ ಕರೆದುಕೊಂಡು ಬನ್ನಿ, ಸೊಸೆಯನ್ನೂ ಕರೆತನ್ನಿ ಎಂದರು ಅವರು.

ಮಧ್ಯಾಹ್ನ ನಾವು ಹಳ್ಳ ದಾಟಿ ಹೊರಟೆವು. ಅದೇ ಒಂಬತ್ತು ಹುಡುಗಿಯರು, ತಲೆಗೆ ಎಣ್ಣೆ ಹಚ್ಚಿ ಹೂ ಮುಡಿಸಿದ್ದರು. ನಾನು, ಅತ್ತೆ, ಪಟೇಲರು. ದಾರಿಯಲ್ಲಿ ಪಟೇಲರು ಒಂದೇ ಮಾತು ಆಡಿದರು. ಅವತ್ತು ಇಲ್ಲ ಅಂತ ಬರೆಸಿದ್ದೇವೆ, ಇವತ್ತು ಇದ್ದಾರೆ ಅಂದರೆ ಸರ್ಕಾರಕ್ಕೆ ಸುಳ್ಳು ಹೇಳಿದ್ದಕ್ಕೆ ಇಡೀ ಊರಿನ ಮೇಲೆ ಕೇಸು ಹಾಕುತ್ತಾರೋ ಏನೋ ಎಂದು. ಹಾಗಾದರೆ ಏನು ಹೇಳುವುದು ಎಂದು ನಾವು ಯಾರೂ ತೀರ್ಮಾನ ಮಾಡಿಕೊಳ್ಳಲಿಲ್ಲ. ಒಬ್ಬರಿಗೆ ಗೊತ್ತಿರುತ್ತದೆ ಎಂದು ಇನ್ನೊಬ್ಬರು ಅಂದುಕೊಂಡೆವು.

ಚಾವಡಿಯ ಮುಂದೆ ಪಾಳ್ಯದವರು ಸಾಲಾಗಿ ನಿಂತಿದ್ದರು. ಹುಡುಗಿಯರನ್ನು ನೋಡಿ, ಸಾಸಲಿನ ಕಡೆಯಿಂದ ನೆಂಟರ ಮಕ್ಕಳನ್ನು ಎರವಲು ತಂದಿದ್ದಾರೆ ಎಂದು ಇನ್‌ಸ್ಪೆಕ್ಟರಿಗೆ ಕೇಳುವಂತೆಯೇ ಆಡಿಕೊಂಡರು. ಇನ್‌ಸ್ಪೆಕ್ಟರು ವಯಸ್ಸಾದವರು, ಮೆದು ದನಿ. ಹುಡುಗಿಯರನ್ನು ಒಬ್ಬೊಬ್ಬರಾಗಿ ನೋಡಿ, ನಿಮ್ಮ ಕೆರೆಯ ನೀರು ಎಲ್ಲಿಗೆ ಹೋಗುತ್ತದೆ ಗೊತ್ತಾ ಎಂದು ಸುಮ್ಮನೆ ಕೇಳಿದರು. ಎಂಟು ಜನ ನೆಲ ನೋಡಿದರು. ಗೌರಿ ಮಾತ್ರ ಅರ್ಕಾವತಿ, ಕಾವೇರಿ, ಸಮುದ್ರ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು.

ಇನ್‌ಸ್ಪೆಕ್ಟರು ನಕ್ಕರು. ಲೇಖನಿಯನ್ನು ಮಸಿಯಲ್ಲಿ ಅದ್ದಿ ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಈ ಮಗು ಯಾರ ಮನೇದಮ್ಮ? ಹೆದರಬೇಡಿ, ಇದ್ದದ್ದು ಹೇಳಿ" ಎಂದರು.

ಹೆದರಬೇಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಅನುಮಾನ ಹತ್ತಿತು. ಹೆದರುವಂಥದ್ದು ಏನೂ ಇಲ್ಲದಿದ್ದರೆ ಅಧಿಕಾರಿಯಾದವರು ಹೆದರಬೇಡಿ ಎಂದು ಯಾಕೆ ಹೇಳುತ್ತಾರೆ? ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ನಮ್ಮ ಮನೆಯ ಸಾಲಿನಲ್ಲಿ ಇಬ್ಬರೇ ಇದ್ದದ್ದು ನಾನು ನಿಂತಲ್ಲಿಂದಲೇ ಕಂಡಿತು. ನಮ್ಮನೆಯದು ಎಂದರೆ ಅವರು ಅದನ್ನು ಬರೆದುಕೊಳ್ಳುತ್ತಾರೆ, ಬರೆದದ್ದು ತಾಲ್ಲೂಕು ಕಚೇರಿಗೆ ಹೋಗುತ್ತದೆ, ನಮ್ಮ ಯಜಮಾನರನ್ನೂ ಪಟೇಲರನ್ನೂ ಕರೆಸುತ್ತಾರೆ. ಪಟೇಲರು ಕೆಮ್ಮಿದರು. ಅತ್ತೆಯ ಕೈ ಗೌರಿಯ ಭುಜದ ಮೇಲಿತ್ತು, ಅದು ಅವಳನ್ನು ಹಿಂದಕ್ಕೆ ಎಳೆದುಕೊಂಡಿತು. ಇದೆಲ್ಲ ಒಂದು ಕ್ಷಣ.

"ನೆಂಟರ ಮನೆ ಹುಡುಗಿ, ಸ್ವಾಮಿ" ಎಂದೆ.

ಪಾಳ್ಯದವರು ನಗಲಿಲ್ಲ, ಅವರಿಗೂ ಬೆರಗು. ಇನ್‌ಸ್ಪೆಕ್ಟರು ಲೇಖನಿಯ ಮುಳ್ಳನ್ನು ಒಂದು ಬಟ್ಟೆಯ ಚೂರಿಗೆ ನಿಧಾನವಾಗಿ ಒರೆಸಿ ಕೆಳಗಿಟ್ಟರು. "ಬಿಟ್ಟುಹೋಗಿರೋ ಹೆಸರು ಸೇರಿಸೋಣ ಅಂತ ಇದ್ದೆನಮ್ಮ" ಎಂದು ಪುಸ್ತಕ ಮುಚ್ಚಿದರು. ಅದರಲ್ಲಿ ಕೋಪ ಇರಲಿಲ್ಲ, ಕೇಸೂ ಇರಲಿಲ್ಲ. ಈಗ ನಿಜ ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ನಂಬುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಮುಂದಿನ ವರ್ಷ ಹೆಣ್ಣುಮಕ್ಕಳ ಶಾಲೆ ಬೇರೆ ಊರಲ್ಲಿ ಆಯಿತು.

ವಾಪಸು ಬರುವಾಗ ಹಳ್ಳದಲ್ಲಿ ಮೊಣಕಾಲಿನವರೆಗೆ ನೀರಿತ್ತು. ಗೌರಿ ಯಾವಾಗಲೂ ನೀರಿಗಿಳಿಯುವ ಮುಂಚೆ ನನ್ನ ಕೈ ಹಿಡಿಯುತ್ತಿದ್ದಳು. ಅವತ್ತು ದಡದಲ್ಲೇ ನಿಂತಳು.

"ಅತ್ಗೆ, ನಾನು ಯಾರ ಮನೆ ಹುಡುಗಿ?"

"ನಮ್ಮನೆ ಹುಡುಗೀನೇ ಕಣೇ. ಇನ್ಯಾರ ಮನೇದು?" ಎಂದು ಕೈ ಚಾಚಿದೆ.

"ಅಲ್ಲಿ ಹಂಗನ್ಲಿಲ್ವಲ್ಲ" ಎಂದಳು ಗೌರಿ. ನನ್ನ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಲಂಗವನ್ನು ತಾನೇ ಎತ್ತಿಕೊಂಡು ನೀರಿಗಿಳಿದು, ನನಗಿಂತ ಮುಂದೆ ಒಬ್ಬಳೇ ಹಳ್ಳ ದಾಟಿದಳು.